ಉದುರಿದ ಎಲೆ, ಕಿತ್ತ ಎಲೆ: ನಿಸರ್ಗಕಲೆಯಲ್ಲಿ ಅಹಿಂಸಾವಿಚಾರ

ಗೃಹಸ್ಥನ ಜೀವನದಲ್ಲಿ ಹಿಂಸೆ-ಅಹಿಂಸೆಗಳ ವಿಚಾರವು ಅಡುಗೆಮನೆಯಲ್ಲಿಯೂ ಅಂಗಡಿಯಲ್ಲಿಯೂ ಮುಗಿದುಹೋಗುವುದಿಲ್ಲ. ಬಿಡುವಿನ ವೇಳೆಯಲ್ಲಿ ನಮ್ಮ ಕೈ ಏನು ಮಾಡುತ್ತದೆ ಎಂಬುದಕ್ಕೂ ಅದು ಅನ್ವಯಿಸುತ್ತದೆ. ಈಚಿನ ವರ್ಷಗಳಲ್ಲಿ ನಮ್ಮ ಮನೆಗಳ ಮಕ್ಕಳೂ ತರುಣಿಯರೂ ಒಂದು ಹವ್ಯಾಸವನ್ನು ಬೆಳೆಸಿಕೊಂಡಿದ್ದಾರೆ. ದಪ್ಪ ಹಾಳೆಯ ಪುಸ್ತಕದಲ್ಲಿ ಒಣಗಿದ ಎಲೆ, ಹೂವಿನ ಎಸಳು, ಹುಲ್ಲಿನ ತೆನೆ, ಹಕ್ಕಿಯ ಗರಿ, ತೊಗಟೆಯ ಚೂರುಗಳನ್ನು ಅಂಟಿಸಿ, ಅವುಗಳ ಸುತ್ತ ಬಣ್ಣ ಬಳಿದು, ನೂಲು, ಬಟ್ಟೆಯ ತುಂಡು, ಹಳೆಯ ಲಗ್ನಪತ್ರಿಕೆಯ ಅಂಚುಗಳನ್ನು ಹೊಂದಿಸಿ, ಪಕ್ಕದಲ್ಲಿ ಆ ದಿನ ಕಂಡುದನ್ನು ನಾಲ್ಕು ಸಾಲು ಬರೆಯುತ್ತಾರೆ. ಕಲಾವಿದರು ಇದನ್ನು ಮಿಶ್ರಮಾಧ್ಯಮವೆನ್ನುತ್ತಾರೆ; ಪುಸ್ತಕಕ್ಕೆ ನಿಸರ್ಗ ದಿನಚರಿ ಎಂದು ಹೆಸರು. ಶಾಲೆಗಳು ಇಂಥ ಸಂಗ್ರಹವನ್ನು ಪ್ರಾಜೆಕ್ಟ್ ಎಂದು ಮಾಡಿಸುತ್ತವೆ. ಪರ್ವದಿನಗಳ ಸ್ಪರ್ಧೆಗಳಲ್ಲಿಯೂ ಇದು ಸೇರುವುದುಂಟು.

ಮನೆಯ ಹಿರಿಯರಲ್ಲಿ ಇದನ್ನು ಕಂಡು ಸಂಕೋಚಪಡುವವರಿದ್ದಾರೆ. ವನಸ್ಪತಿಯೂ ಜೀವವಲ್ಲವೆ, ವಿನೋದಕ್ಕಾಗಿ ಎಲೆ ಕೀಳುವುದು ಶ್ರಾವಕರ ಮನೆಗೆ ಒಪ್ಪುವುದೆ, ಎಂಬುದು ಅವರ ಪ್ರಶ್ನೆ. ದಿನವೂ ಸೊಪ್ಪು ಹೆಚ್ಚುವ ಮನೆಯಲ್ಲಿ ಒಂದು ಎಲೆಗೆ ಇಷ್ಟು ವಿಚಾರವೇಕೆ, ಎಂಬುದು ಕಿರಿಯರ ಮರುಪ್ರಶ್ನೆ. ಎರಡೂ ನ್ಯಾಯವಾದ ಪ್ರಶ್ನೆಗಳೇ. ಹಿರಿಯರ ಮಾತಿನ ಬಲದಿಂದ ಪುಸ್ತಕವನ್ನು ಮುಚ್ಚಿಸಿದರೆ, ಧರ್ಮವೆಂದರೆ ‘ಬೇಡ’ ಎಂಬ ಒಂದೇ ಶಬ್ದವೆಂದು ಮಗು ತಿಳಿಯುತ್ತದೆ. ಕಿರಿಯರ ಮಾತಿಗೆ ನಕ್ಕು ಸುಮ್ಮನಾದರೆ, ಅಹಿಂಸೆಯು ಊಟದ ತಟ್ಟೆಗೆ ಮಾತ್ರ ಸಂಬಂಧಿಸಿದುದೆಂದು ತಿಳಿಯುತ್ತದೆ. ಎರಡೂ ತಿಳಿವಳಿಕೆಗಳು ಮುಂದಿನ ಪೀಳಿಗೆಗೆ ಹಾನಿಕರ. ಆದುದರಿಂದ ಈ ಸಣ್ಣ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಪರಿಶೀಲಿಸುವುದು ಯೋಗ್ಯ.

ಮೊದಲು ಶಾಸ್ತ್ರದ ನಿಲುವು. ಪೃಥ್ವಿ, ಜಲ, ಅಗ್ನಿ, ವಾಯು, ವನಸ್ಪತಿ ಎಂಬ ಐದು ಸ್ಥಾವರಗಳು ಏಕೇಂದ್ರಿಯ ಜೀವಗಳು. ಗೃಹಸ್ಥನ ಅಹಿಂಸಾಣುವ್ರತವು ತ್ರಸಜೀವಗಳ ಸಂಕಲ್ಪಪೂರ್ವಕ ಹಿಂಸೆಯನ್ನು ನಿಷೇಧಿಸುತ್ತದೆ. ಸ್ಥಾವರಗಳ ವಿಷಯದಲ್ಲಿ ಪೂರ್ಣತ್ಯಾಗವು ಸಂಸಾರಿಗೆ ಶಕ್ಯವಲ್ಲವೆಂಬುದನ್ನು ಆಚಾರ್ಯರು ಬಲ್ಲರು. ಆದರೆ ಅಶಕ್ಯವೆಂದ ಮಾತ್ರಕ್ಕೆ ಅಂಕೆಯಿಲ್ಲವೆಂದು ಅರ್ಥವಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡಗಳನ್ನು ವಿವರಿಸುವಾಗ ಪ್ರಮಾದಚರ್ಯೆಯನ್ನೂ ಎಣಿಸಿದ್ದಾರೆ. ಪ್ರಯೋಜನವಿಲ್ಲದೆ ನೆಲವನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಬೆಂಕಿಯನ್ನು ಹೊತ್ತಿಸುವುದು, ಗಿಡಬಳ್ಳಿಗಳನ್ನು ಕತ್ತರಿಸುವುದು ಇವೆಲ್ಲ ಅದರಲ್ಲಿ ಸೇರುತ್ತವೆ. ಅಡುಗೆಗೆ ಸೊಪ್ಪು ಹೆಚ್ಚುವುದಕ್ಕೂ, ದಾರಿ ನಡೆಯುತ್ತ ಬೇಲಿಯ ಚಿಗುರನ್ನು ಚಿವುಟಿ ಎಸೆಯುವುದಕ್ಕೂ ಇರುವ ಅಂತರವೇ ಇದು. ಎರಡರಲ್ಲಿಯೂ ಏಕೇಂದ್ರಿಯ ಜೀವಕ್ಕೆ ಬಾಧೆಯುಂಟು. ಎರಡನೆಯದರಲ್ಲಿ ಬಾಧೆಯ ಜೊತೆಗೆ ಎಚ್ಚರಗೇಡಿತನವೂ ಉಂಟು. ಹಾಗಾದರೆ ಎಲೆಯನ್ನು ಪುಸ್ತಕಕ್ಕೆ ಅಂಟಿಸುವುದು ನಿಷ್ಪ್ರಯೋಜಕವೆ?

ಎಲೆಯನ್ನು ಮುಟ್ಟಲೇಬಾರದೆಂದು ನಮ್ಮ ಪೂರ್ವಜರು ನಿಶ್ಚಯಿಸಿದ್ದರೆ ಆಗಮಗಳು ನಮ್ಮ ಕೈ ಸೇರುತ್ತಿರಲಿಲ್ಲ. ಮೂಡಬಿದಿರೆಯಲ್ಲಿ ಶತಮಾನಗಳ ಕಾಲ ಸುರಕ್ಷಿತವಾಗಿ ಉಳಿದು ಬಂದ ಷಟ್ಖಂಡಾಗಮದ ಧವಲಾ ಪ್ರತಿಗಳು ಇರುವುದು ತಾಳೆಯ ಗರಿಗಳ ಮೇಲೆ. 12ನೆಯ ಶತಮಾನದ ಆ ಗರಿಗಳಲ್ಲಿ ಅಕ್ಷರಗಳ ನಡುವೆ ವರ್ಣಚಿತ್ರಗಳೂ ಇವೆ. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ದಾನಮಾಡಿದಳೆಂಬುದನ್ನು ಕನ್ನಡಿಗರೆಲ್ಲ ಅಭಿಮಾನದಿಂದ ಸ್ಮರಿಸುತ್ತಾರೆ. ಅಷ್ಟು ಪ್ರತಿಗಳಿಗೆ ಬೇಕಾದ ಓಲೆಗಳನ್ನು ಮರದಿಂದ ಕತ್ತರಿಸಿ, ಹದಮಾಡಿ, ಒಣಗಿಸಿ, ಉಜ್ಜಿ ನಯಗೊಳಿಸಿದ ಮೇಲೆಯೇ ಲಿಪಿಕಾರರ ಕೆಲಸ ಆರಂಭವಾಗಿರಬೇಕು. ಶಾಸ್ತ್ರದಾನದ ಪುಣ್ಯವನ್ನು ಹೊಗಳಿದ ಯಾರೂ ಆ ಓಲೆಗಳನ್ನು ಅನರ್ಥದಂಡವೆಂದು ಕರೆಯಲಿಲ್ಲ. ಜ್ಞಾನವೇ ಅಲ್ಲಿಯ ಪ್ರಯೋಜನವಾಗಿತ್ತು.

ಮಗುವಿನ ದಿನಚರಿಯು ಶಾಂತಿಪುರಾಣವಲ್ಲ, ನಿಜ. ಆದರೂ ಅದರಲ್ಲಿ ಜ್ಞಾನದ ಅಂಶವಿಲ್ಲವೆನ್ನಲಾಗದು. ಮಾವಿನ ಚಿಗುರು ತಾಮ್ರವರ್ಣದಿಂದ ಹಸುರಿಗೆ ತಿರುಗುವುದನ್ನು ವಾರಗಟ್ಟಲೆ ನೋಡಿ ಬರೆದ ಹುಡುಗಿಗೆ ಮಾವಿನ ಮರವು ಬರಿಯ ಹಣ್ಣಿನ ಬುಟ್ಟಿಯಾಗಿ ಉಳಿಯುವುದಿಲ್ಲ. ಹೊಂಗೆಯ ಎಲೆಯ ಮೇಲಿನ ಗಂಟುಗಳು ಅತಿಸೂಕ್ಷ್ಮ ಜೀವಿಗಳ ವಾಸಸ್ಥಾನಗಳೆಂದು ತಿಳಿದವಳು ಆ ಎಲೆಯನ್ನು ಹಿಡಿಯುವ ರೀತಿಯೇ ಬೇರೆಯಾಗುತ್ತದೆ. ಜೀವವು ಎಲ್ಲೆಲ್ಲಿ ಇದೆಯೆಂದು ಅರಿಯದವನು ಜೀವದಯೆಯನ್ನು ಹೇಗೆ ಪಾಲಿಸಿಯಾನು? ಈ ದೃಷ್ಟಿಯಿಂದ, ಗಮನವಿಟ್ಟು ನೋಡಿ ಬರೆದ ಒಂದು ಪುಟವು ಜೀವತತ್ತ್ವದ ಬಾಲಪಾಠವಾಗಬಲ್ಲುದು. ಆದರೆ ಸತ್ಪ್ರಯೋಜನವಿದ್ದ ಮಾತ್ರಕ್ಕೆ ಬೇಕಾದುದನ್ನು ಬೇಕಾದಷ್ಟು ತೆಗೆದುಕೊಳ್ಳುವ ಅಧಿಕಾರ ದೊರೆಯುವುದಿಲ್ಲ. ಎಷ್ಟು ತೆಗೆಯಬೇಕು, ಹೇಗೆ ತೆಗೆಯಬೇಕು ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಅದಕ್ಕೆ ನಮ್ಮ ಪರಂಪರೆಯಲ್ಲಿ ಒಂದು ಸುಂದರವಾದ ಉತ್ತರವಿದೆ.

ಶ್ರವಣಬೆಳಗೊಳದ ಜೈನಮಠದ ಭಿತ್ತಿಚಿತ್ರಗಳನ್ನು ಯಾತ್ರಿಕರಲ್ಲಿ ಅನೇಕರು ನೋಡಿದ್ದೀರಿ. ಅವುಗಳಲ್ಲಿ ಲೇಶ್ಯಾವೃಕ್ಷದ ಚಿತ್ರವೂ ಒಂದು. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ಗೊಮ್ಮಟಸಾರದಲ್ಲಿ ಈ ದೃಷ್ಟಾಂತವಿದೆ. ಕಾಡಿನಲ್ಲಿ ಹಸಿದ ಆರು ಜನ ಹಣ್ಣಿನ ಮರವೊಂದನ್ನು ಕಾಣುತ್ತಾರೆ. ಒಬ್ಬನು ಮರವನ್ನು ಬುಡಸಹಿತ ಕೀಳಬೇಕೆನ್ನುತ್ತಾನೆ. ಎರಡನೆಯವನು ಕಾಂಡವನ್ನು, ಮೂರನೆಯವನು ದೊಡ್ಡ ಕೊಂಬೆಯನ್ನು, ನಾಲ್ಕನೆಯವನು ಸಣ್ಣ ರೆಂಬೆಯನ್ನು ಕಡಿಯೋಣವೆನ್ನುತ್ತಾನೆ. ಐದನೆಯವನು ಹಣ್ಣನ್ನಷ್ಟೇ ಕೀಳಬಯಸುತ್ತಾನೆ. ಆರನೆಯವನು ನೆಲಕ್ಕೆ ತಾನಾಗಿ ಬಿದ್ದ ಹಣ್ಣು ಸಾಕೆನ್ನುತ್ತಾನೆ. ಕೃಷ್ಣ, ನೀಲ, ಕಾಪೋತ, ಪೀತ, ಪದ್ಮ, ಶುಕ್ಲ ಎಂದು ಅವರ ಪರಿಣಾಮಗಳಿಗೆ ಕ್ರಮವಾಗಿ ಆರು ಬಣ್ಣಗಳು. ಆರು ಜನರ ಹಸಿವೆಯೂ ಒಂದೇ, ಹಣ್ಣೂ ಒಂದೇ. ಬೇರೆಯಾದುದು ಕೈ ಚಾಚುವ ಭಾವ ಮಾತ್ರ. ಜೀವವನ್ನು ಪುಣ್ಯಪಾಪಗಳಿಂದ ಲೇಪಿಸುವುದೇ ಲೇಶ್ಯೆಯೆಂದು ಶಾಸ್ತ್ರಕಾರರು ಹೇಳಿದ್ದಾರೆ. ಕುಂಚ ಹಿಡಿದ ಮಗುವಿಗೆ ಇದನ್ನು ತಿಳಿಸುವುದು ಕಷ್ಟವಲ್ಲ: ನೀನು ಕಾಗದಕ್ಕೆ ಬಣ್ಣ ಬಳಿಯುವಾಗ ನಿನ್ನ ಆತ್ಮಕ್ಕೂ ಒಂದು ಬಣ್ಣ ಬಳಿಯಲ್ಪಡುತ್ತಿದೆ, ಅದು ಯಾವ ಬಣ್ಣವೆಂದು ಸ್ವಲ್ಪ ನೋಡಿಕೋ.

ಈ ದೃಷ್ಟಾಂತವನ್ನು ದಿನಚರಿಯ ಪುಟಕ್ಕೆ ಅನ್ವಯಿಸಿದರೆ ಮೊದಲ ನಿಯಮ ತಾನಾಗಿ ದೊರೆಯುತ್ತದೆ. ಗಿಡದಿಂದ ಕೀಳದೆ, ಉದುರಿದುದನ್ನೇ ಆರಿಸಿಕೊಳ್ಳಬೇಕು. ಮನೆಯೊಳಗೂ ಸಾಮಗ್ರಿ ಸಾಕಷ್ಟಿದೆ: ದಾಳಿಂಬೆಯ ಸಿಪ್ಪೆ, ಅಡಿಕೆಯ ಸಿಪ್ಪೆ, ತೆಂಗಿನ ನಾರು, ಒಣಗಿದ ಬಾಳೆಪಟ್ಟೆ, ಜೋಳದ ಗರಿ, ಕಡಲೆಕಾಯಿಯ ಹೊಟ್ಟು. ಮದುವೆಯ ಮಂಟಪವನ್ನು ಬಿಚ್ಚಿದ ಮರುದಿನ ಬಾಡಿದ ಹೂ ರಾಶಿಯಾಗಿ ಬೀಳುತ್ತದೆ. ಆದರೆ ಬಸದಿಯ ನಿರ್ಮಾಲ್ಯವನ್ನು ಇದಕ್ಕೆ ಬಳಸುವುದು ಸಲ್ಲದು. ಒಮ್ಮೆ ಭಗವಂತನ ಮುಂದೆ ಅರ್ಪಿಸಿದ ದ್ರವ್ಯದ ಮೇಲೆ ನಮಗೆ ಹಕ್ಕಿಲ್ಲ. ಅದನ್ನು ತಂದು ನಮ್ಮ ಪುಸ್ತಕವನ್ನು ಸಿಂಗರಿಸಿಕೊಳ್ಳುವುದು ಕೊಟ್ಟುದನ್ನು ಹಿಂದೆಗೆದುಕೊಂಡಂತೆ.

ಉದುರಿತೆಂಬ ಮಾತ್ರಕ್ಕೆ ವಿಚಾರ ಮುಗಿಯಿತೆ? ಇಲ್ಲ. ಬಿದ್ದ ಎಲೆಯ ಅಡಿಯಲ್ಲಿ ಇರುವೆ, ಜೇಡ, ಹುಳುಗಳ ಸಂಸಾರವಿರಬಹುದು. ಬರಿದಾದ ಶಂಖದ ಚಿಪ್ಪು ಕಡಲತೀರದಲ್ಲಿ ನಿರುಪಯೋಗಿಯಾಗಿ ಬಿದ್ದಂತೆ ನಮಗೆ ಕಾಣುತ್ತದೆ. ಆದರೆ ಅಂಥ ಚಿಪ್ಪನ್ನೇ ಮನೆಮಾಡಿಕೊಂಡು ಬದುಕುವ ಏಡಿಗಳಿವೆ. ಹಕ್ಕಿ ಬಿಟ್ಟುಹೋದಂತೆ ತೋರುವ ಗೂಡಿಗೆ ಅದೋ ಇನ್ನೊಂದು ಹಕ್ಕಿಯೋ ಮರಳಿ ಬರಬಹುದು. ಮುನಿಗಳ ಐದು ಸಮಿತಿಗಳಲ್ಲಿ ಆದಾನ-ನಿಕ್ಷೇಪಣ ಸಮಿತಿಯು ಒಂದು. ಯಾವುದೇ ವಸ್ತುವನ್ನು ಎತ್ತಿಕೊಳ್ಳುವ ಮುನ್ನ, ಇಡುವ ಮುನ್ನ, ಕಣ್ಣಿನಿಂದ ನೋಡಿ ಪಿಂಛಿಯಿಂದ ಮೃದುವಾಗಿ ಸವರುವುದು ಅದರ ಕ್ರಮ. ಎಲೆಯನ್ನೆತ್ತುವ ಮೊದಲು ಬಾಗಿ ನೋಡು, ಮಗುಚಿ ನೋಡು, ಮೆಲ್ಲನೆ ಊದಿ ಅಲ್ಲ, ಕೈಯಿಂದ ಮೆಲ್ಲನೆ ತಟ್ಟಿ ನೋಡು ಎಂದು ಮಗುವಿಗೆ ಕಲಿಸಿದರೆ ಸಮಿತಿಯ ಅಣುರೂಪವೊಂದನ್ನು ಕಲಿಸಿದಂತಾಯಿತು. ಆ ಪಿಂಛಿಯಾದರೂ ಏನು? ನವಿಲು ಪ್ರತಿವರ್ಷ ಮಳೆಗಾಲದ ಕೊನೆಯಲ್ಲಿ ತಾನಾಗಿ ಉದುರಿಸುವ ಗರಿಗಳ ಕಟ್ಟು. ದಿಗಂಬರ ಮುನಿಯ ಕೈಯಲ್ಲಿರುವ ಸಂಯಮೋಪಕರಣವೇ ನಿಸರ್ಗವು ತಾನಾಗಿ ಬಿಟ್ಟುಕೊಟ್ಟ ವಸ್ತುವಿನಿಂದ ಆದುದೆಂಬುದು ಈ ವಿಚಾರದಲ್ಲಿ ನಮಗೆ ದಾರಿದೀಪ.

ಅದತ್ತಾದಾನದ ಪ್ರಶ್ನೆಯೂ ಇದೆ. ಕೊಡದುದನ್ನು ತೆಗೆದುಕೊಳ್ಳುವುದು ಚೌರ್ಯ. ಪರರ ತೋಟದಲ್ಲಿ ಬಿದ್ದ ಹೂವಿಗೂ ತೋಟದವರ ಅನುಮತಿ ಬೇಕು. ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳೊಳಗಿಂದ ಅನುಮತಿಯಿಲ್ಲದೆ ಏನನ್ನೂ ಹೊರತರುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ನಿಷೇಧಿಸುತ್ತದೆ. 2001ರಲ್ಲಿ ಕೆಲವು ಜಾತಿಯ ಶಂಖ ಹಾಗೂ ಚಿಪ್ಪುಗಳ ಜೀವಿಗಳೂ ಆ ಕಾಯಿದೆಯ ರಕ್ಷಣೆಗೆ ಒಳಪಟ್ಟವು. ರಾಜ್ಯದ ಕಾನೂನಿಗೆ ವಿರುದ್ಧವಾಗಿ ವಸ್ತುವನ್ನು ಪಡೆಯುವುದು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಸೇರಿದೆ ಎಂಬುದನ್ನು ನಾವು ಮರೆಯಬಾರದು.

ಇನ್ನೊಂದು ಸೂಕ್ಷ್ಮ. ಅರಳಿ ಎಲೆಯ ಹಸುರೆಲ್ಲ ಕರಗಿ ನರಗಳ ಜಾಲರಿ ಮಾತ್ರ ಉಳಿದುದನ್ನು ಪುಟಕ್ಕೆ ಅಂಟಿಸುವುದು ಬಹಳ ಜನಪ್ರಿಯ. ಉದುರಿದ ಎಲೆಯಿಂದಲೇ ಅದನ್ನು ಮಾಡಬಹುದು. ಆದರೆ ಸಾಮಾನ್ಯ ಕ್ರಮದಲ್ಲಿ ಎಲೆಯನ್ನು ವಾರಗಟ್ಟಲೆ ನೀರಿನಲ್ಲಿ ಕೊಳೆಯಿಸಬೇಕು. ಕೊಳೆಯುವ ನೀರಿನಲ್ಲಿ ಹುಟ್ಟಿ ಸಾಯುವ ಜೀವರಾಶಿಗೆ ಲೆಕ್ಕವುಂಟೆ? ವಸ್ತು ನಿರ್ದೋಷವಾದರೂ ವಿಧಾನದಲ್ಲಿ ದೋಷ ಸೇರಬಹುದೆಂಬುದಕ್ಕೆ ಇದು ನಿದರ್ಶನ. ಮರದಡಿಯಲ್ಲಿ ಮಳೆಗಾಳಿಗಳಿಂದಲೇ ಜಾಲರಿಯಾದ ಎಲೆ ಒಂದಲ್ಲ ಒಂದು ದಿನ ಸಿಗುತ್ತದೆ. ಅದಕ್ಕಾಗಿ ಕಾಯುವುದೂ ಸಂಯಮದ ಅಭ್ಯಾಸವೇ.

ಸತ್ತ ಚಿಟ್ಟೆಯ ರೆಕ್ಕೆಯನ್ನು ಅಂಟಿಸಬಹುದೆ ಎಂದು ಕೇಳುವವರಿದ್ದಾರೆ. ಚಿಟ್ಟೆ ಚತುರಿಂದ್ರಿಯ ಜೀವಿ. ತಾನಾಗಿ ಸತ್ತುದಾದರೆ ಕೊಂದ ದೋಷವಿಲ್ಲವೆಂದು ತರ್ಕ ಹೇಳುತ್ತದೆ. ಇಲ್ಲಿ ಯಶೋಧರನ ಕಥೆಯನ್ನು ನೆನೆಯಬೇಕು. 1209ರಲ್ಲಿ ಜನ್ನನು ಯಶೋಧರಚರಿತೆಯಲ್ಲಿ ಹೇಳಿದಂತೆ, ತಾಯಿಯ ಒತ್ತಾಯಕ್ಕೆ ಮಣಿದ ಅರಸನು ಜೀವವಿರುವ ಕೋಳಿಯ ಬದಲು ಹಿಟ್ಟಿನ ಕೋಳಿಯನ್ನು ಬಲಿಕೊಟ್ಟನು. ಕೊಲ್ಲುವ ಸಂಕಲ್ಪವೊಂದಕ್ಕಾಗಿಯೇ ತಾಯಿಮಗ ಇಬ್ಬರೂ ಹಲವು ಭವಗಳಲ್ಲಿ ತಿರ್ಯಂಚರಾಗಿ ತೊಳಲಿದರು. ಹಿಂಸೆಯ ಬೇರು ಭಾವದಲ್ಲಿದೆ ಎಂಬುದೇ ಆ ಕಾವ್ಯದ ಸಾರ. ಬಣ್ಣದ ರೆಕ್ಕೆ ಪುಟದಲ್ಲಿ ಮೆಚ್ಚುಗೆ ಗಳಿಸಿತೆಂದರೆ ಮುಂದಿನ ರೆಕ್ಕೆಗಾಗಿ ಕಣ್ಣು ಹುಡುಕಲಾರಂಭಿಸುತ್ತದೆ. ಹಾರುವ ಚಿಟ್ಟೆಯನ್ನು ಕಂಡಾಗ ಅದರ ಸಾವಿನ ನಿರೀಕ್ಷೆ ಮನಸ್ಸಿನ ಮೂಲೆಯಲ್ಲಿ ಹುಟ್ಟುತ್ತದೆ. ತ್ರಸಜೀವಗಳ ಶರೀರವನ್ನು ಪುಸ್ತಕದಿಂದ ದೂರವಿಡುವುದೇ ಲೇಸು.

ಹಾಗಾದರೆ ಚಿಟ್ಟೆಯ ಪುಟ ಖಾಲಿಯಿರಬೇಕೆ? ಬೇಕಿಲ್ಲ. ನಮ್ಮ ಶಾಸ್ತ್ರದಲ್ಲಿ ನಾಮ, ಸ್ಥಾಪನಾ, ದ್ರವ್ಯ, ಭಾವ ಎಂದು ನಾಲ್ಕು ನಿಕ್ಷೇಪಗಳಿವೆ. ಶಿಲೆಯಲ್ಲಿ ಜಿನೇಂದ್ರರನ್ನು ಸ್ಥಾಪಿಸಿಕೊಂಡು ಪೂಜಿಸುವ ನಮಗೆ ಸ್ಥಾಪನೆಯ ಶಕ್ತಿಯನ್ನು ಬೇರೆಯವರು ಹೇಳಬೇಕಾಗಿಲ್ಲ. ಅಷ್ಟದ್ರವ್ಯಗಳಲ್ಲಿ ಪುಷ್ಪದ ಸ್ಥಾನದಲ್ಲಿ ಕೇಸರಿ ಲೇಪಿಸಿದ ಅಕ್ಷತೆಯನ್ನು ಅರ್ಪಿಸುವ ಸಂಪ್ರದಾಯ ಉತ್ತರದ ತೇರಾಪಂಥಿ ದಿಗಂಬರರಲ್ಲಿದೆ. ನಮ್ಮ ಕಡೆಯ ಬಸದಿಗಳಲ್ಲಿ ಹೂವನ್ನೇ ಅರ್ಪಿಸುತ್ತೇವೆ. ಯಾವುದು ಮೇಲೆಂಬ ವಾದ ಇಲ್ಲಿ ಅಪ್ರಸ್ತುತ. ಭಾವವಿದ್ದಲ್ಲಿ ಪ್ರತಿರೂಪವು ಮೂಲದ ಕಾರ್ಯವನ್ನು ಮಾಡಬಲ್ಲುದೆಂಬುದನ್ನು ಇಬ್ಬರೂ ಒಪ್ಪುತ್ತಾರೆ. ಅಂಟಿಸಿದ ಎಲೆ ದ್ರವ್ಯ. ಬಿಡಿಸಿದ ಎಲೆ ಸ್ಥಾಪನೆ. ಎಲೆಯನ್ನು ತೆಳುವಾದ ಕಾಗದದ ಕೆಳಗಿಟ್ಟು ಮೇಲಿಂದ ಪೆನ್ಸಿಲನ್ನು ಓರೆಯಾಗಿ ಉಜ್ಜಿದರೆ ನರನರವೂ ಮೂಡುತ್ತದೆ. ಗಿಡದಲ್ಲಿರುವ ಎಲೆಯನ್ನು ಕೀಳದೆಯೇ, ಕಾಗದವನ್ನು ಅದರ ಬಳಿಗೊಯ್ದು ಹೀಗೆ ಅಚ್ಚು ತೆಗೆಯಬಹುದು. ಚಿಟ್ಟೆಯನ್ನು ಬಿಡಿಸಲು ಅದು ಹೂವಿನ ಮೇಲೆ ಕೂರುವವರೆಗೆ ಕದಲದೆ ನಿಲ್ಲಬೇಕು. ಅಂಟಿಸುವವನು ಕ್ಷಣಕಾಲ ನೋಡುತ್ತಾನೆ. ಬಿಡಿಸುವವನು ಬಹುಕಾಲ ನೋಡುತ್ತಾನೆ. ಕಡಿಮೆ ತೆಗೆದುಕೊಂಡ ಪುಟವೇ ಹೆಚ್ಚು ಕಲಿಸುತ್ತದೆ ಎಂಬುದು ಈ ಲೇಖನದಲ್ಲಿ ನಾನು ಮುಖ್ಯವಾಗಿ ಹೇಳಬಯಸುವ ಮಾತು.

ಇನ್ನು ಅಂಗಡಿಯಿಂದ ಕೊಂಡುತರುವ ಸಾಮಗ್ರಿಯ ವಿಚಾರ. ಎಲೆಯ ಬಗ್ಗೆ ಗಂಟೆಗಟ್ಟಲೆ ಚರ್ಚಿಸುವ ಮನೆಯಲ್ಲಿ ಕುಂಚದ ಬಗ್ಗೆ ಒಂದು ಮಾತೂ ಬರುವುದಿಲ್ಲ, ಇದು ವಿಚಿತ್ರ. ಬೆಲೆಬಾಳುವ ಕೊಲಿನ್ಸ್ಕಿ ಕುಂಚವು ಸೈಬೀರಿಯಾದ ವೀಸಲ್ ಎಂಬ ಪ್ರಾಣಿಯ ಬಾಲದ ಕೂದಲಿನದು. ನಮ್ಮ ದೇಶದಲ್ಲಿ ಮುಂಗುಸಿಯನ್ನು ಕೊಂದು ಅದರ ಕೂದಲಿನಿಂದ ಕುಂಚ ಮಾಡುವ ಕಳ್ಳವ್ಯಾಪಾರ ನಡೆದುಬಂದಿದೆ. ಅದು ಕಾಯಿದೆಯ ಪ್ರಕಾರವೂ ಅಪರಾಧ. ಜಲವರ್ಣದ ಉತ್ತಮ ಕಾಗದಗಳಲ್ಲಿ ಹಲವಕ್ಕೆ ಪ್ರಾಣಿಗಳ ಚರ್ಮ, ಎಲುಬುಗಳಿಂದ ತೆಗೆದ ಜೆಲಟಿನ್ ಲೇಪನವಿರುತ್ತದೆ. ಕಾರ್ಮೈನ್ ಎಂಬ ಕೆಂಪು ಕೀಟಗಳಿಂದ ಬಂದುದು; ಬೋನ್ ಬ್ಲ್ಯಾಕ್ ಎಂಬ ಕಪ್ಪು ಸುಟ್ಟ ಎಲುಬಿನಿಂದ ಬಂದುದು. ಶೆಲ್ಲಾಕ್ ಎಂಬ ಅರಗಿನ ವಾರ್ನಿಷ್ ಅರಗಿನ ಹುಳುವಿನದು. ಶ್ರಾವಕನು ಬಿಡಬೇಕಾದ 15 ಕ್ರೂರವಾಣಿಜ್ಯಗಳಲ್ಲಿ ಅರಗಿನ ವ್ಯಾಪಾರವನ್ನೂ ದಂತದ ವ್ಯಾಪಾರವನ್ನೂ ಹಿಂದಿನವರು ಹೆಸರಿಸಿರುವುದು ಸುಮ್ಮನೆ ಅಲ್ಲ. ಪುಟದ ಅಂದಕ್ಕೆಂದು ಹೊಂದಿಸುವ ರೇಷ್ಮೆಯ ಚೂರಿನ ಹಿಂದೆ ಬಿಸಿನೀರಿಗೆ ಬಿದ್ದ ಗೂಡುಗಳಿವೆ. ಹತ್ತಿಯ ಚೂರು ಅದೇ ಕೆಲಸವನ್ನು ಮಾಡುತ್ತದೆ.

ಇವಕ್ಕೆ ಬದಲಿಗಳಿವೆ. ನೈಲಾನ್ ಎಳೆಯ ಕುಂಚ ಎಲ್ಲೆಡೆ ದೊರೆಯುತ್ತದೆ. ಆದರೆ ನೈಲಾನು, ಅಕ್ರಿಲಿಕ್ ಬಣ್ಣ ಇವೂ ಪ್ಲಾಸ್ಟಿಕ್ಕಿನ ಜಾತಿಯವೇ; ಕುಂಚ ತೊಳೆದ ನೀರು ಚರಂಡಿಯ ಮೂಲಕ ಕೆರೆಹೊಳೆಗಳನ್ನು ಸೇರಿ ಜಲಚರಗಳಿಗೆ ಬಾಧೆಯಾದೀತು. ಪೂರ್ಣ ನಿರ್ದೋಷವಾದ ಸಾಮಗ್ರಿ ಗೃಹಸ್ಥನಿಗೆ ದುರ್ಲಭವಾದುದರಿಂದ ಒಂದೇ ಕುಂಚವನ್ನು ಬಹುಕಾಲ ಬಾಳಿಸುವುದು, ಬಣ್ಣವನ್ನು ಮಿತವಾಗಿ ಕಲಸುವುದು ಮುಖ್ಯ. ಬಣ್ಣಗಳಲ್ಲಿ ಕಾವಿಮಣ್ಣು, ದೀಪದ ಕಾಡಿಗೆ, ಒಣ ಅರಿಸಿನ, ಅಡಿಕೆಯ ಚೊಗರು ನಮ್ಮ ಕೈಗೆಟಕುವಂಥವು. ಅರಿಸಿನಕ್ಕೆ ಸುಣ್ಣ ಸೋಕಿದರೆ ಕೆಂಪಾಗುವುದು ಮಕ್ಕಳಿಗೆ ಯಾವಾಗಲೂ ಬೆರಗು. ಈರುಳ್ಳಿಯ ಸಿಪ್ಪೆಯ ಬಣ್ಣವನ್ನು ಈ ಕಲೆಯವರು ಹೊಗಳುತ್ತಾರೆ. ಆ ಸಿಪ್ಪೆ ನಮ್ಮ ಮನೆಗಳಲ್ಲಿ ಸಿಗದಿದ್ದರೆ ಚಿಂತೆಯಿಲ್ಲ. ದಾಳಿಂಬೆಯ ಸಿಪ್ಪೆಯೂ ಹಳದಿಯನ್ನು ಕೊಡುತ್ತದೆ. ಅಂಟಿಗೆ ಮರದ ಗೋಂದು ಸಾಕು. ಮೈದಾ ಅಂಟಾದರೆ ಅಂದಂದಿನದು ಅಂದಿಗೇ ಮುಗಿಯಬೇಕು. ಹುಳಿತ ಹಿಟ್ಟಿನ ಬಗ್ಗೆ ನಮ್ಮ ಅಡುಗೆಮನೆಯ ನಿಯಮ ಇಲ್ಲಿಗೂ ಸಲ್ಲುತ್ತದೆ.

ಪುಸ್ತಕವನ್ನು ಕಾಪಾಡುವುದರಲ್ಲಿಯೂ ಯತ್ನಾಚಾರ ಬೇಕು. ಹಸಿ ಎಲೆಯನ್ನು ಅಂಟಿಸಿದರೆ ಬೂಷ್ಟು ಹಿಡಿಯುತ್ತದೆ, ಹುಳು ಬೀಳುತ್ತದೆ. ಆಮೇಲೆ ವಿಷದ ಪುಡಿಯನ್ನು ಹುಡುಕುವಂತಾಗುತ್ತದೆ. ಕೊಲ್ಲುವ ಪ್ರಸಂಗವೇ ಬಾರದಂತೆ ನೋಡಿಕೊಳ್ಳುವುದು ವಿವೇಕ. ಎಲೆಯನ್ನು ವೃತ್ತಪತ್ರಿಕೆಯ ನಡುವೆ ಭಾರದ ಕೆಳಗಿಟ್ಟು, ಕಾಗದವನ್ನು ಆಗಾಗ ಬದಲಿಸುತ್ತ, ಪೂರ್ಣ ಒಣಗಿದ ಮೇಲೆಯೇ ಅಂಟಿಸಬೇಕು. ಶ್ರುತಪಂಚಮಿಯಂದು ಶಾಸ್ತ್ರಗ್ರಂಥಗಳನ್ನು ಹೊರತೆಗೆದು, ಧೂಳು ಒರೆಸಿ, ಹೊಸ ವಸ್ತ್ರದಲ್ಲಿ ಕಟ್ಟಿಡುವ ಸಂಪ್ರದಾಯದಲ್ಲಿ ಭಕ್ತಿಯ ಜೊತೆಗೆ ಈ ಎಚ್ಚರವೂ ಅಡಗಿದೆ. ಮತ್ತೊಂದು ಅಪಾಯ ಮೂರ್ಛೆಯದು. ಪರಿಗ್ರಹವೆಂದರೆ ವಸ್ತುವಲ್ಲ, ವಸ್ತುವಿನಲ್ಲಿ ಅಂಟಿಕೊಂಡ ಮಮತೆ. ಮೂರು ಎಲೆಗಳಿಂದ ತೃಪ್ತಿಯಾಗುವ ಪುಟಕ್ಕೆ ಮುನ್ನೂರು ಎಲೆಗಳನ್ನು ಪೆಟ್ಟಿಗೆಯಲ್ಲಿ ಕೂಡಿಟ್ಟರೆ, ಉದುರಿದುದನ್ನೇ ಆರಿಸಿದರೂ ಶುಕ್ಲಲೇಶ್ಯೆ ಕದಡಿದಂತೆಯೇ. ಮರದಡಿಯ ಎಲೆ ಮಣ್ಣಾಗಿ ಅದೇ ಮರಕ್ಕೆ ಆಹಾರವಾಗಬೇಕಾದುದು; ಅದರಲ್ಲಿ ನಮ್ಮದು ಚಿಟಿಕೆಯಷ್ಟು ಪಾಲು.

ಜಮಾಖರ್ಚು ಬರೆದು ಬಾಳಿದ ವರ್ತಕ ಸಮಾಜಕ್ಕೆ ದಿನವಹಿ ಎಂಬ ಮಾತು ಹೊಸದಲ್ಲ. ಬಂದುದು ಯಾರಿಂದ, ಯಾವ ದಿನ, ಯಾವ ಬಾಬ್ತು ಎಂಬುದಿಲ್ಲದೆ ಒಂದು ರೂಪಾಯಿಯನ್ನೂ ನಾವು ನಮೂದಿಸುವುದಿಲ್ಲ. ನಿಸರ್ಗ ದಿನಚರಿಗೂ ಇದೇ ಶಿಸ್ತು ಬರಲಿ. ಪ್ರತಿ ಪುಟದ ಕೆಳಗೆ ತಾರೀಖು, ಸ್ಥಳ, ಮರದ ಹೆಸರು, ಉದುರಿದುದೋ ಸವರಿ ಹಾಕಿದುದೋ ಬಿಡಿಸಿದುದೋ ಎಂಬ ವಿವರ, ಬಳಸಿದ ಅಂಟು ಮತ್ತು ಕುಂಚ ಇವನ್ನು ಮಗು ಪ್ರಾಮಾಣಿಕವಾಗಿ ಬರೆಯಲಿ. ಕಿತ್ತುದಾದರೆ ಕಿತ್ತುದೆಂದೇ ಬರೆಯಲಿ, ಗದರಿಸುವುದು ಬೇಡ. ‘ಕಿತ್ತುದು’ ಎಂದು ನಾಲ್ಕು ಸಲ ತನ್ನ ಕೈಯಾರೆ ಬರೆದ ಮಗು ಐದನೆಯ ಸಲ ಕೀಳುವ ಮುನ್ನ ಯೋಚಿಸುತ್ತದೆ. ಸಂಜೆಯ ಪ್ರತಿಕ್ರಮಣಕ್ಕೆ ಇದಕ್ಕಿಂತ ಸರಳವಾದ ಪೂರ್ವಾಭ್ಯಾಸವಿರಲಾರದು.

ಬಸದಿಗಳ ಆಡಳಿತ ಮಂಡಳಿಗಳಲ್ಲಿ ಒಂದು ವಿನಂತಿ. ಸ್ಪರ್ಧೆಯ ನಿಯಮವೇ ಮಕ್ಕಳ ಕೈಯನ್ನು ನಡೆಸುತ್ತದೆ. ಹೆಚ್ಚು ಬಗೆಯ ಎಲೆಹೂಗಳನ್ನು ತಂದವರಿಗೆ ಹೆಚ್ಚು ಅಂಕವೆಂದು ನಿಯಮವಿಟ್ಟರೆ, ಸ್ಪರ್ಧೆಯ ಹಿಂದಿನ ದಿನ ಊರಿನ ಗಿಡಗಳು ಬೋಳಾಗುತ್ತವೆ. ಅದೂ ಪರ್ವದ ದಿನಗಳಲ್ಲಿ. ಅದರ ಬದಲು, ಒಂದೇ ಮರವನ್ನು ಆಷಾಢದಿಂದ ಭಾದ್ರಪದದವರೆಗೆ ಗಮನಿಸಿದ ಪುಟಗಳಿಗೆ ಬಹುಮಾನವಿಡಿ. ಕೆಳಗಿನ ನಮೂದಿಗೂ ಅಂಕಗಳಿರಲಿ. ತೀರ್ಪು ಹೇಳುವಾಗ ಪುಟದ ಅಲಂಕಾರಕ್ಕಿಂತ, ಮಗು ತನ್ನ ಮರದಲ್ಲಿ ಯಾವ ಜೀವಗಳನ್ನು ಕಂಡಿತೆಂಬುದನ್ನು ಕೇಳಿ. ಆ ಪ್ರಶ್ನೆಗೆ ಉತ್ತರಿಸಬಲ್ಲ ಮಕ್ಕಳು ನಮ್ಮ ಸಮಾಜದಲ್ಲಿ ಹೆಚ್ಚಾದರೆ ಅಹಿಂಸೆಯ ಉಪದೇಶವನ್ನು ನಾವು ಇಷ್ಟು ಗಟ್ಟಿಯಾಗಿ ಮಾಡಬೇಕಾಗುವುದಿಲ್ಲ.